ಬಾಡಿಗೆಯ ಗಣಕಯಂತ್ರ: ಲಾಭವೆಷ್ಟು, ಅಪಾಯವೆಷ್ಟು?

ಊರು ಬಿಟ್ಟು ಬಂದ ನಮಗೆ ಬಾಡಿಗೆಯ ಬದುಕು ಹೊಸತಲ್ಲ. ಇರುವ ಕೋಣೆ ಬಾಡಿಗೆಯದು, ಮದುವೆ ಮುಂಜಿಗಳಿಗೆ ತರುವ ಪಾತ್ರೆಪಡಗ ಬಾಡಿಗೆಯದು. ಈಗ ಗಣಕಯಂತ್ರವೂ ಬಾಡಿಗೆಗೆ ಬಂದಿದೆ. ಯಂತ್ರವನ್ನು ಕೊಳ್ಳುವ ಗೋಜು ಬೇಡ, ತಿಂಗಳಿಗಿಷ್ಟು ಕೊಟ್ಟರೆ ಸಾಕು, ನಿಮ್ಮ ಕಂಪ್ಯೂಟರ್ ನಮ್ಮಲ್ಲಿರುತ್ತದೆ, ನೀವು ಎಲ್ಲಿಂದಲಾದರೂ ಬಳಸಿಕೊಳ್ಳಿ ಎಂದು ದೊಡ್ಡ ಕಂಪನಿಗಳು ಕರೆಯುತ್ತಲಿವೆ. ಇದಕ್ಕೆ ಕ್ಲೌಡ್ ಪಿಸಿ, ಅಂದರೆ ಮೋಡದಲ್ಲಿರುವ ಗಣಕ ಎಂದು ಹೆಸರು. ಮಕ್ಕಳ ಓದಿಗೆ, ಹೋಟೆಲಿನ ಲೆಕ್ಕಕ್ಕೆ, ಕಚೇರಿಯ ಕೆಲಸಕ್ಕೆ ಇದನ್ನು ನಂಬಬಹುದೇ ಎಂಬ ಪ್ರಶ್ನೆ ನಮ್ಮ ವಾಚಕರ ಮನೆಗಳಲ್ಲಿಯೂ ಎದ್ದಿರುವುದರಿಂದ ಇದರ ಗುಣದೋಷಗಳನ್ನು ಸ್ವಲ್ಪ ವಿವರವಾಗಿ ವಿಚಾರ ಮಾಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ಕೂಗು ಈಗಲೇ ಏಕೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು, ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ ಎಂಬ ತನ್ನ ವ್ಯವಸ್ಥೆಗೆ ಕೊಡುತ್ತಿದ್ದ ರಕ್ಷಣೆಯನ್ನು ೨೦೨೫ರ ಅಕ್ಟೋಬರ್ ೧೪ರಂದು ಮುಗಿಸಿತು. ಮನೆಬಳಕೆಯವರಿಗೆ ಕೊಟ್ಟ ಹೆಚ್ಚುವರಿ ಅವಧಿಯೂ ೨೦೨೬ರ ಅಕ್ಟೋಬರದವರೆಗೆ ಮಾತ್ರ. ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ ೧೧ಕ್ಕೆ ಒಗ್ಗುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ಹಾಕುವ ಸ್ಥಿತಿ ಹೀಗೆ ಬಂದಿತು. ಎರಡನೆಯದು, ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಮೆಮೊರಿ ಬಿಲ್ಲೆಗಳನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿದ್ದರಿಂದ ೨೦೨೫ರ ಕೊನೆಯಿಂದ ಅವುಗಳ ಬೆಲೆ ಏರಿತು. ಸಾಮಾನ್ಯ ಗಿರಾಕಿಗಳಿಗೆ ಮೆಮೊರಿ ಮಾರುತ್ತಿದ್ದ ಕ್ರೂಶಿಯಲ್ ಎಂಬ ತನ್ನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅಮೇರಿಕದ ಮೈಕ್ರಾನ್ ಸಂಸ್ಥೆಯು ಅದೇ ಡಿಸೆಂಬರಿನಲ್ಲಿ ಸಾರಿತು. ಮೂರನೆಯದು, ರಿಲಯನ್ಸ್ ಜಿಯೋ ೨೦೨೫ರ ಜುಲೈಯಲ್ಲಿ ಜಿಯೋಪಿಸಿ ಎಂಬ ಬಾಡಿಗೆಯ ಗಣಕವನ್ನು ಮಾರುಕಟ್ಟೆಗೆ ತಂದಿತು. ಮನೆಯ ಟಿ.ವಿ.ಗೆ ಪೆಟ್ಟಿಗೆಯೊಂದನ್ನು ಜೋಡಿಸಿ, ಕೀಲಿಮಣೆ ಮತ್ತು ಮೌಸ್ ಸಿಕ್ಕಿಸಿದರೆ ಟಿ.ವಿ.ಯೇ ಗಣಕವಾಗುತ್ತದೆಂಬುದು ಅದರ ಆಕರ್ಷಣೆ. ಕೊಳ್ಳುವ ಯಂತ್ರ ತುಟ್ಟಿಯಾದ ಹೊತ್ತಿನಲ್ಲಿಯೇ ಬಾಡಿಗೆಯ ಯಂತ್ರ ಅಗ್ಗವಾಗಿ ಬಾಗಿಲಿಗೆ ಬಂದರೆ ಜನರ ಮನಸ್ಸು ಅತ್ತ ಎಳೆಯುವುದು ಸಹಜ.

ಮೋಡವಿರುವುದು ನೆಲದ ಮೇಲೆ

ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ. ನವಿ ಮುಂಬಯಿಯ ಐರೋಳಿಯಲ್ಲಿ, ಚೆನ್ನೈಯ ಸಿರುಸೇರಿಯಲ್ಲಿ, ಹೈದರಾಬಾದಿನಲ್ಲಿ, ಪುಣೆಯಲ್ಲಿ ಇಂತಹ ಕೇಂದ್ರಗಳಿವೆ. ಭಾರಿ ಕಟ್ಟಡ, ಸಾಲುಸಾಲು ಕಪಾಟುಗಳಲ್ಲಿ ಸಾವಿರಾರು ಯಂತ್ರಗಳು, ಅವನ್ನು ತಂಪಾಗಿರಿಸಲು ಹಗಲಿರುಳು ದುಡಿಯುವ ಶೈತ್ಯಾಗಾರ, ವಿದ್ಯುತ್ತು ಹೋದರೆ ಬೇಕಾಗುವ ಡೀಸೆಲ್ ಜನರೇಟರು: ಇದೇ ಮೋಡ. ಆ ಯಂತ್ರಗಳ ಶಕ್ತಿಯಲ್ಲಿ ಒಂದು ಪಾಲನ್ನು ನಿಮ್ಮ ಹೆಸರಿಗೆ ಕೊಡುತ್ತಾರೆ. ನೀವು ಇಲ್ಲಿ ಕೀಲಿ ಒತ್ತಿದರೆ ಆ ಒತ್ತು ತಂತಿಯ ಮೂಲಕ ಅಲ್ಲಿಗೆ ಹೋಗುತ್ತದೆ. ಅಲ್ಲಿ ಕೆಲಸವಾಗಿ ಅದರ ಚಿತ್ರವು ನಿಮ್ಮ ಪರದೆಗೆ ಮರಳುತ್ತದೆ. ನಿಮ್ಮ ಕೋಣೆಯಲ್ಲಿರುವುದು ಚಿತ್ರ ಮಾತ್ರ. ಕಾಗದಪತ್ರ, ಲೆಕ್ಕ, ಭಾವಚಿತ್ರ ಎಲ್ಲವೂ ಅಲ್ಲಿಯೇ ಉಳಿಯುತ್ತವೆ.

ಈ ವಿಚಾರವು ನೂತನವೇನೂ ಅಲ್ಲ. ಅಮೇರಿಕದ ವಿಜ್ಞಾನಿ ಜಾನ್ ಮೆಕಾರ್ಥಿಯವರು ೧೯೬೧ರಲ್ಲಿಯೇ, ದೂರವಾಣಿಯಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಹೇಳಿದ್ದರು. ಆಗ ಒಂದು ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ೧೯೮೧ರಲ್ಲಿ ಐಬಿಎಂ ಸಂಸ್ಥೆಯ ಪಿಸಿ ಬಂದ ಮೇಲೆ ಯಂತ್ರವು ಮೇಜಿನ ಮೇಲಕ್ಕೆ, ಒಬ್ಬೊಬ್ಬನ ಸ್ವಾಧೀನಕ್ಕೆ ಬರತೊಡಗಿತು. ೧೯೯೬ರ ಸುಮಾರಿಗೆ ಒರಾಕಲ್ ಸಂಸ್ಥೆಯ ಲ್ಯಾರಿ ಎಲಿಸನ್ನರು ಜಾಲವನ್ನೇ ನಂಬಿದ ಅಗ್ಗದ ಗಣಕವನ್ನು ಪ್ರಚಾರ ಮಾಡಿದಾಗ ಅದು ನಿಲ್ಲಲಿಲ್ಲ; ಅಂದಿನ ತಂತಿಗಳಿಗೆ ಅಷ್ಟು ಶಕ್ತಿಯಿರಲಿಲ್ಲ. ೨೦೨೧ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೩೬೫ ಎಂಬ ಹೆಸರಿನಿಂದ ವ್ಯಾಪಾರ ಸಂಸ್ಥೆಗಳಿಗೆ ಇದನ್ನೇ ತಿಂಗಳ ಬಾಡಿಗೆಗೆ ಕೊಡತೊಡಗಿತು. ಅರುವತ್ತು ವರ್ಷಗಳ ಬಳಿಕ ಚಕ್ರವು ಒಂದು ಸುತ್ತು ಬಂದಂತಾಯಿತು.

ಅನುಕೂಲಗಳು

ಇದರಲ್ಲಿ ಅನುಕೂಲಗಳಿಲ್ಲವೆಂದರೆ ಸತ್ಯಕ್ಕೆ ದೂರವಾದೀತು. ಕೈಯಲ್ಲಿ ಇಡುಗಂಟಿಲ್ಲದವನಿಗೂ ಯಂತ್ರ ದೊರೆಯುತ್ತದೆಂಬುದು ಮೊದಲನೆಯ ಅನುಕೂಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದು. ಇಂದಿನ ಅಂತಹ ತರುಣನಿಗೆ ಪುಸ್ತಕದಷ್ಟೇ ಗಣಕವೂ ಬೇಕು. ಲೆಕ್ಕಪತ್ರದ ಒಂದು ತರಗತಿಯನ್ನು ನಾಲ್ಕು ತಿಂಗಳಲ್ಲಿ ಮುಗಿಸಬೇಕಾದವನು ನಾಲ್ಕು ತಿಂಗಳ ಬಾಡಿಗೆ ಕೊಟ್ಟು ಬಿಡಬಹುದು. ಸಾಲ ಮಾಡಿ ಯಂತ್ರ ಕೊಂಡು ಬಡ್ಡಿ ಕಟ್ಟುವುದಕ್ಕಿಂತ ಇದು ಲೇಸು.

ಎರಡನೆಯ ಅನುಕೂಲವು ನಮ್ಮ ವಸತಿಯ ಸ್ಥಿತಿಗೆ ಸಂಬಂಧಿಸಿದುದು. ಆರೆಂಟು ಮಂದಿ ಒಂದೇ ಕೋಣೆಯಲ್ಲಿ, ಪಾಳಿಯ ಮೇಲೆ ಮಲಗಿ ಏಳುವಲ್ಲಿ ಬೆಲೆಬಾಳುವ ಲ್ಯಾಪ್‌ಟಾಪನ್ನು ಕಾಯುವುದು ಸುಲಭವಲ್ಲ. ಕಳವು, ಬೀಳುವಿಕೆ, ಮಳೆಗಾಲದ ತೇವ, ನೆರೆಯ ನೀರು ಇವುಗಳ ಭಯ ಇದ್ದೇ ಇದೆ. ೨೦೦೫ರ ಜುಲೈ ೨೬ರ ಮಹಾಮಳೆಯನ್ನು ಮುಂಬಯಿಯವರು ಮರೆಯಲಾರರು. ಯಂತ್ರವು ದೂರದ ಭದ್ರ ಕಟ್ಟಡದಲ್ಲಿದ್ದರೆ ಇಲ್ಲಿಯ ಪರದೆ ಒಡೆದರೂ ಬರೆದದ್ದು ಅಳಿಯುವುದಿಲ್ಲ. ರಜೆಯಲ್ಲಿ ಕುಂದಾಪುರಕ್ಕೋ ಕಾರ್ಕಳಕ್ಕೋ ಹೋದಾಗಲೂ ಬೇರೊಂದು ಪರದೆಯ ಮುಂದೆ ಕುಳಿತು, ಬಿಟ್ಟ ಸಾಲಿನಿಂದಲೇ ಕೆಲಸ ಮುಂದುವರಿಸಬಹುದು.

ಮೂರನೆಯದು, ದುರಸ್ತಿಯ ತಲೆನೋವಿಲ್ಲ. ಹೊಸ ರಕ್ಷಣಾ ಕ್ರಮಗಳನ್ನು ಅಳವಡಿಸುವುದು, ಕೆಟ್ಟ ಭಾಗವನ್ನು ಬದಲಿಸುವುದು ಕಂಪನಿಯ ಹೊಣೆ. ನಾಲ್ಕಾರು ಶಾಖೆಗಳಿರುವ ಹೋಟೆಲು ಮಾಲಿಕರಿಗೆ ಎಲ್ಲ ಶಾಖೆಗಳ ಲೆಕ್ಕ ಒಂದೇ ಕಡೆ ಸಿಗುತ್ತದೆ. ಗಲ್ಲೆಯ ಮೇಲಿನ ಯಂತ್ರ ಕೆಟ್ಟರೂ ಅಂದಿನ ವ್ಯಾಪಾರದ ಲೆಕ್ಕ ಉಳಿಯುತ್ತದೆ.

ಲೆಕ್ಕದ ಮಾತು

ಆದರೆ ಅಗ್ಗವೆಂಬ ಮಾತನ್ನು ಕಾಗದ ಪೆನ್ಸಿಲು ಹಿಡಿದು ನೋಡುವುದು ಒಳ್ಳೆಯದು. ತಿಂಗಳಿಗೆ ೫೦೦ ರೂಪಾಯಿ ಬಾಡಿಗೆ ಎಂದು ಹಿಡಿಯೋಣ. ವರ್ಷಕ್ಕೆ ೬,೦೦೦, ಐದು ವರ್ಷಕ್ಕೆ ೩೦,೦೦೦ ಆಯಿತು. ಪರದೆ, ಕೀಲಿಮಣೆ, ಬ್ರಾಡ್‌ಬ್ಯಾಂಡಿನ ಬಾಡಿಗೆ ಇದರಲ್ಲಿ ಸೇರಿಲ್ಲ. ಅಷ್ಟು ಹಣಕ್ಕೆ ಸಾಧಾರಣ ಕೆಲಸದ ಯಂತ್ರವೊಂದು, ಹೊಸತಲ್ಲದಿದ್ದರೂ ಬಳಸಿದ್ದಾದರೂ, ಸಿಕ್ಕೀತು. ಐದು ವರ್ಷ ಕಳೆದ ಮೇಲೆ ಸ್ವಂತ ಯಂತ್ರವಿದ್ದವನ ಮನೆಯಲ್ಲಿ ಹಳತಾದರೂ ಒಂದು ವಸ್ತುವಿರುತ್ತದೆ, ತಮ್ಮನಿಗೋ ಮಗಳಿಗೋ ಕೊಡಬಹುದು. ಬಾಡಿಗೆ ಕಟ್ಟಿದವನ ಕೈಯಲ್ಲಿ ರಸೀದಿ ಮಾತ್ರ.

ಖಾನಾವಳಿಯ ಊಟಕ್ಕೂ ಮನೆಯ ಒಲೆಗೂ ಇರುವ ವ್ಯತ್ಯಾಸವನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬಂಟಿಗನಿಗೆ, ಅಲ್ಪಕಾಲಕ್ಕೆ ಖಾನಾವಳಿಯೇ ಅನುಕೂಲ. ಆದರೆ ಅಲ್ಲಿಯ ದರವನ್ನು ನಿಶ್ಚಯಿಸುವವನು ಮಾಲಿಕ. ಸುತ್ತಲಿನ ಒಲೆಗಳೆಲ್ಲ ಆರಿದ ಮೇಲೆ ಅವನು ದರ ಏರಿಸಿದರೆ ಉಣ್ಣುವವನಿಗೆ ಬೇರೆ ದಾರಿಯಿರುವುದಿಲ್ಲ. ಗಣಕದ ಬಾಡಿಗೆಯಲ್ಲಿಯೂ ಮೊದಲ ವರ್ಷದ ದರವನ್ನು ಮಾತ್ರ ನೋಡದೆ ಮೂರನೆಯ ವರ್ಷದ ದರವನ್ನು ಯೋಚಿಸಬೇಕು.

ತಂತಿ ತುಂಡಾದರೆ

ಎರಡನೆಯ ದೋಷವು ಜಾಲದ್ದು. ಸ್ವಂತ ಯಂತ್ರವು ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಕೊಡುತ್ತದೆ. ಮೋಡದ ಗಣಕವು ತಂತಿ ಕಡಿದ ಕ್ಷಣವೇ ಬರಿಯ ಗಾಜಾಗುತ್ತದೆ. ರಸ್ತೆ ಅಗೆಯುವವರ ಹಾರೆಗೆ ಕೇಬಲು ಸಿಕ್ಕುವುದು ನಮ್ಮ ನಗರಗಳಲ್ಲಿ ಅಪರೂಪವೇ?

ಮೊಬೈಲಿನ ಡೇಟಾದಿಂದ ನಡೆಸುತ್ತೇವೆಂಬವರು ಇನ್ನೊಂದು ಲೆಕ್ಕ ನೋಡಬೇಕು. ಹಗುರವಾದ ಕಚೇರಿ ಕೆಲಸಕ್ಕೂ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ವೇಗ ಬೇಕೆಂದು ಮೈಕ್ರೋಸಾಫ್ಟಿನ ಸೂಚನೆಯಿದೆ. ಅಷ್ಟೂ ಸತತವಾಗಿ ಹರಿದರೆ ಗಂಟೆಗೆ ೬೭೫ ಮೆಗಾಬೈಟ್ ಆಗುತ್ತದೆ. ದಿನಕ್ಕೆ ೨ ಜಿ.ಬಿ. ಕೊಡುವ ಮೊಬೈಲ್ ಯೋಜನೆಯು ಮೂರು ಗಂಟೆಯಲ್ಲಿ ಬರಿದಾದೀತು. ಪರದೆಯ ಚಿತ್ರ ಬದಲಾಗದೆ ನಿಂತಾಗ ಇದು ಕಡಿಮೆಯಾಗುತ್ತದೆಂಬುದು ನಿಜ. ಪಾಠದ ವಿಡಿಯೋ ನೋಡಿದರೆ ಹೆಚ್ಚುತ್ತದೆಂಬುದೂ ಅಷ್ಟೇ ನಿಜ. ಮಿತಿಯಿಲ್ಲದ ಬ್ರಾಡ್‌ಬ್ಯಾಂಡ್ ಇಲ್ಲದ ಕೋಣೆಗೆ ಈ ಗಣಕ ಹೇಳಿಸಿದ್ದಲ್ಲ.

ಇನ್ನು ನಮ್ಮ ಕಡೆ ತಂತಿ ಸರಿಯಾಗಿದ್ದರೂ ಅವರ ಕಡೆ ಕೆಡಬಹುದು. ೨೦೨೫ರ ಅಕ್ಟೋಬರ್ ೨೦ರಂದು, ದೀಪಾವಳಿಯ ದಿನವೇ, ಅಮೇಜಾನ್ ಸಂಸ್ಥೆಯ ವರ್ಜೀನಿಯಾ ಕೇಂದ್ರಗಳಲ್ಲಿ ಒಂದು ತಪ್ಪು ಸಂಭವಿಸಿ, ಜಗತ್ತಿನ ನಾನಾ ಕಡೆಗಳ ಸೇವೆಗಳು ಗಂಟೆಗಟ್ಟಲೆ ನಿಂತುಹೋದವು. ಸ್ವಂತ ಯಂತ್ರಗಳು ಕೆಡುವುದಿಲ್ಲವೇ ಎಂದು ಕೇಳಬಹುದು. ಕೆಡುತ್ತವೆ, ಆದರೆ ಒಂದು ಕೆಟ್ಟರೆ ಒಂದು ಮನೆಯ ಕೆಲಸ ನಿಲ್ಲುತ್ತದೆ. ಕೇಂದ್ರ ಕೆಟ್ಟರೆ ಲಕ್ಷಾಂತರ ಮನೆಗಳದು ಒಮ್ಮೆಗೇ ನಿಲ್ಲುತ್ತದೆ.

ಬೀಗದ ಕೈ ಯಾರಲ್ಲಿ?

ಇವೆಲ್ಲಕ್ಕಿಂತ ಗಹನವಾದ ಪ್ರಶ್ನೆ ಸ್ವಾಧೀನದ್ದು. ೨೦೨೫ರ ಜುಲೈ ೧೮ರಂದು ಯುರೋಪಿಯನ್ ಒಕ್ಕೂಟವು ನಯಾರಾ ಎನರ್ಜಿ ಎಂಬ ಭಾರತದ ತೈಲ ಕಂಪನಿಯ ಮೇಲೆ, ರಶ್ಯದ ರೋಸ್‌ನೆಫ್ಟ್ ಅದರಲ್ಲಿ ಪಾಲುದಾರನೆಂಬ ಕಾರಣದಿಂದ, ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ನಯಾರಾಕ್ಕೆ ಕೊಡುತ್ತಿದ್ದ ಸೇವೆಗಳನ್ನು ತಡೆಹಿಡಿಯಿತು. ಹಣ ಕೊಟ್ಟು ಪಡೆದ ಸೇವೆ, ತನ್ನದೇ ಆದ ಮಾಹಿತಿ, ಆದರೂ ಅದನ್ನು ತಲುಪುವ ದಾರಿ ಮುಚ್ಚಿಹೋಯಿತು. ಕಂಪನಿಯು ದಿಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ತಿಂಗಳ ಕೊನೆಗೆ ಸೇವೆ ಮರಳಿತು. ಗುಜರಾತಿನ ವಾಡಿನಾರಿನಲ್ಲಿ ಭಾರಿ ತೈಲಾಗಾರವಿರುವ ಸಂಸ್ಥೆಗೆ ವಕೀಲರಿದ್ದರು, ನ್ಯಾಯಾಲಯವಿತ್ತು. ಸಾಮಾನ್ಯ ಗಿರಾಕಿಯ ಖಾತೆಗೆ ಬೀಗ ಬಿದ್ದರೆ ಅವನು ಯಾರ ಮೆಟ್ಟಿಲು ಹತ್ತಬೇಕು?

ಇರಿಸಿದ್ದು ಉಳಿಯುವುದೇ ಎಂಬ ಪ್ರಶ್ನೆಯೂ ಇದೆ. ದಕ್ಷಿಣ ಕೊರಿಯದ ದೇಜಾನ್ ನಗರದ ಸರಕಾರಿ ಮಾಹಿತಿ ಕೇಂದ್ರದಲ್ಲಿ ೨೦೨೫ರ ಸೆಪ್ಟೆಂಬರ್ ೨೬ರಂದು ಬೆಂಕಿ ಬಿತ್ತು. ನೌಕರರು ದಾಖಲೆಗಳನ್ನು ಕಚೇರಿಯ ಸ್ವಂತ ಯಂತ್ರಗಳಲ್ಲಿ ಇಡದೆ ಕೇಂದ್ರದಲ್ಲಿಯೇ ಇಡಬೇಕೆಂದು ಅಲ್ಲಿಯ ಸರಕಾರವೇ ಸೂಚಿಸಿತ್ತು. ಜಿ-ಡ್ರೈವ್ ಎಂಬ ಆ ಭಂಡಾರದ ೮೫೮ ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದರ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇರಿಸಿರಲಿಲ್ಲ. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ೨೦೨೪ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾತೆಯು ಗೂಗಲ್ ಕ್ಲೌಡಿನ ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಮಿಕ್ಕಿದ ಸದಸ್ಯರು ಸುಮಾರು ಒಂದು ವಾರ ಖಾತೆ ನೋಡಲಾಗದೆ ತೊಂದರೆಪಟ್ಟರು. ಆದರೆ ನಿಧಿಯವರು ಇನ್ನೊಂದು ಸಂಸ್ಥೆಯಲ್ಲಿಯೂ ಪ್ರತಿ ಇರಿಸಿದ್ದುದರಿಂದ ಲೆಕ್ಕ ಉಳಿಯಿತು. ಈ ಎರಡು ಘಟನೆಗಳಿಂದ ಕಲಿಯಬೇಕಾದ ಪಾಠ ಒಂದೇ: ಮೋಡದಲ್ಲಿಟ್ಟದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಊರಿಂದೂರಿಗೆ ತಿರುಗುವ ದುಡಿಮೆಗಾರನಿಗೆ ಇನ್ನೊಂದು ವಿಶೇಷ ಅಪಾಯವಿದೆ. ಖಾತೆಯ ಬಾಗಿಲು ತೆರೆಯುವುದು ಮೊಬೈಲಿಗೆ ಬರುವ ಓಟಿಪಿಯಿಂದ. ಕೆಲಸ ಬದಲಿಸಿದಾಗ, ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿದಾಗ ರೀಚಾರ್ಜು ನಿಂತು ಸಿಮ್ಮು ಸಾಯುವುದುಂಟು. ಹಾಗೆ ರದ್ದಾದ ಸಂಖ್ಯೆಯನ್ನು ೯೦ ದಿನಗಳ ಬಳಿಕ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ಆಗ ಖಾತೆ ತೆರೆಯಲಾಗದೆ ಹೊರಗುಳಿಯುವುದು ಒಂದು ಕಷ್ಟ. ಓಟಿಪಿ ಅಪರಿಚಿತನ ಕೈಸೇರುವುದು ಇನ್ನೂ ದೊಡ್ಡ ಕಷ್ಟ.

ಗುಮಾಸ್ತರು ತಿಳಿದಿರಬೇಕಾದದ್ದು

ಕಚೇರಿಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಸಂಸ್ಥೆಗಳು ಮೋಡದ ಗಣಕವನ್ನು ಮೆಚ್ಚುವುದಕ್ಕೆ ತಕ್ಕ ಕಾರಣವಿದೆ. ಸಂಸ್ಥೆಯ ಗುಟ್ಟುಗಳು ನೌಕರನ ಚೀಲದಲ್ಲಿ ಹೊರಗೆ ಹೋಗುವುದಿಲ್ಲ. ಇದು ನ್ಯಾಯವೇ. ಆದರೆ ಯಂತ್ರವು ಪೂರ್ಣವಾಗಿ ಮಾಲಿಕನ ಕಡೆ ಇರುವುದರಿಂದ ನೌಕರನು ಎಷ್ಟು ಹೊತ್ತಿಗೆ ಬಂದ, ಏನು ತೆರೆದ, ಎಷ್ಟು ಹೊತ್ತು ಸುಮ್ಮನಿದ್ದ ಎಂಬುದನ್ನು ದಾಖಲಿಸುವುದೂ ಸುಲಭವಾಗುತ್ತದೆ. ಕೆಲಸದಿಂದ ತೆಗೆದ ದಿನ ನಿಮಿಷದೊಳಗೆ ಬಾಗಿಲು ಮುಚ್ಚಬಹುದು. ಸಂಬಳದ ಚೀಟಿ, ನೇಮಕದ ಪತ್ರ, ಭವಿಷ್ಯನಿಧಿಯ ಕಾಗದ, ಬಡ್ತಿಯ ಆದೇಶ ಇವುಗಳನ್ನು ಕಚೇರಿಯ ಗಣಕದಲ್ಲಿ ಮಾತ್ರ ಇಟ್ಟುಕೊಂಡವನು ಆ ದಿನ ಬರಿಗೈಯಲ್ಲಿ ನಿಲ್ಲುತ್ತಾನೆ. ಬಾಕಿ ಸಂಬಳಕ್ಕಾಗಿ ಕಾರ್ಮಿಕ ಅಧಿಕಾರಿಯ ಮುಂದೆ ಹೋದರೆ ಕಾಗದ ತೋರಿಸಬೇಕಲ್ಲವೇ? ತನಗೆ ಸಲ್ಲತಕ್ಕ ಪತ್ರಗಳ ಪ್ರತಿಯನ್ನು ಬಂದಂದೇ ಮನೆಗೆ ತಂದಿಡುವ ಅಭ್ಯಾಸ ಒಳ್ಳೆಯದು.

ಕನ್ನಡದ ದೃಷ್ಟಿಯಿಂದಲೂ ಒಂದು ಮಾತು. ನಮ್ಮ ಸಂಘಸಂಸ್ಥೆಗಳ ಹಳೆಯ ವರದಿಗಳು, ಸ್ಮರಣ ಸಂಚಿಕೆಗಳು ಅನೇಕವು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಇವು ವಿಂಡೋಸ್ ಯಂತ್ರಗಳಿಗಾಗಿ ಹುಟ್ಟಿದವು. ಬಾಡಿಗೆಯ ಗಣಕಗಳಲ್ಲಿ ಕೆಲವು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ನಡೆಯುತ್ತವೆ. ಅಲ್ಲಿ ಆ ಕಡತಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗೀಟುಗಳು ಕಂಡಾವು. ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡು ಬಳಿಕ ಸ್ಥಳಾಂತರಿಸುವುದು ಕ್ಷೇಮ. ಹೋಟೆಲುಗಳಲ್ಲಿ ಬಳಕೆಯಲ್ಲಿರುವ ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳೂ ವಿಂಡೋಸ್ ಬೇಡುತ್ತವೆಂಬುದನ್ನು ಮಾಲಿಕರು ಗಮನಿಸಬೇಕು.

ಸರಕಾರ ಮಾಡತಕ್ಕದ್ದೇನು?

ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ಸಂಸತ್ತು ೨೦೨೩ರಲ್ಲಿ ಕಾನೂನನ್ನು ಅಂಗೀಕರಿಸಿತು. ಅದರ ನಿಯಮಗಳು ಹೊರಬಿದ್ದುದು ೨೦೨೫ರ ನವೆಂಬರಿನಲ್ಲಿ; ಜಾರಿಯೂ ಹಂತಹಂತವಾಗಿ. ಈ ಕಾನೂನು ಮಾಹಿತಿಯ ದುರುಪಯೋಗವನ್ನು ತಡೆಯುವ ಉದ್ದೇಶದ್ದು. ಆದರೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ತನ್ನ ಗಂಟುಮೂಟೆಯೊಡನೆ ಹೋಗುವ ಹಕ್ಕನ್ನು ಅದು ಗಿರಾಕಿಗೆ ಕೊಡುವುದಿಲ್ಲ. ಯುರೋಪಿನಲ್ಲಿ ೨೦೨೫ರ ಸೆಪ್ಟೆಂಬರ್ ೧೨ರಿಂದ ಅನ್ವಯಿಸಿದ ಡೇಟಾ ಕಾನೂನು ಈ ದಿಕ್ಕಿನಲ್ಲಿ ಮುಂದೆ ಹೋಗಿದೆ. ಮೋಡದ ಸೇವೆ ಕೊಡುವವರು ಗಿರಾಕಿಯ ಸ್ಥಳಾಂತರಕ್ಕೆ ಅಡ್ಡಬರಬಾರದು, ಅದಕ್ಕಾಗಿ ಶುಲ್ಕ ಕೀಳುವುದನ್ನು ೨೦೨೭ರ ಜನವರಿ ೧೨ರಿಂದ ಪೂರ್ತಿ ನಿಲ್ಲಿಸಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮ್ಮ ದೇಶದಲ್ಲಿ ಇರುವಾಗ, ಕಡತಗಳ ವಿಷಯದಲ್ಲಿ ಅದೇ ನ್ಯಾಯ ಏಕೆ ಸಲ್ಲಬಾರದು? ಖಾತೆ ಮುಚ್ಚುವ ಮೊದಲು ತಕ್ಕ ಅವಧಿಯ ನೋಟೀಸು, ಬಾಡಿಗೆ ಬಾಕಿಯಾದರೂ ಸ್ವಂತ ಕಾಗದಗಳನ್ನು ಇಳಿಸಿಕೊಳ್ಳುವ ಅವಕಾಶ, ದೂರನ್ನು ಕೇಳುವ ಒಬ್ಬ ಅಧಿಕಾರಿ, ಇವಿಷ್ಟನ್ನು ಕಾನೂನಿನಿಂದಲೇ ದೊರಕಿಸಿಕೊಡಬೇಕೆಂಬುದು ನಮ್ಮ ಆಗ್ರಹ. ಬಾಡಿಗೆ ಬಾಕಿಗಾಗಿ ಮನೆಯ ಮಾಲಿಕನು ಬಿಡಾರದವನ ಸಾಮಾನನ್ನು ಬೀದಿಗೆಸೆಯುವುದನ್ನು ಒಪ್ಪದ ಸಮಾಜವು ಇದನ್ನೂ ಒಪ್ಪಬಾರದು.

ನಮ್ಮ ಅಭಿಪ್ರಾಯ

ಒಟ್ಟಿನಲ್ಲಿ, ಈ ಗಣಕವನ್ನು ಸಾರಾಸಗಟಾಗಿ ತಿರಸ್ಕರಿಸುವ ಕಾರಣವಿಲ್ಲ. ಕಣ್ಣುಮುಚ್ಚಿ ಅಪ್ಪಿಕೊಳ್ಳುವ ಕಾರಣವೂ ಇಲ್ಲ. ಮನೆಯಲ್ಲಿ ಒಳ್ಳೆಯ ಬ್ರಾಡ್‌ಬ್ಯಾಂಡ್ ಇದ್ದು, ಮಕ್ಕಳ ಓದಿಗೆ ಕೆಲವು ಕಾಲ ಯಂತ್ರ ಬೇಕಾದವರಿಗೆ ಇದು ಪ್ರಯೋಜನಕಾರಿ. ಬಹುಕಾಲ ಬಳಸುವವರಿಗೆ, ಜಾಲ ನೆಟ್ಟಗಿಲ್ಲದವರಿಗೆ, ಬಿಲ್ಲು ಛಾಪಿಸುವ ಪ್ರಿಂಟರಿನಂತಹ ಉಪಕರಣಗಳನ್ನು ನಂಬಿದವರಿಗೆ ಸ್ವಂತ ಯಂತ್ರವೇ ಮೇಲು. ವಿಂಡೋಸ್ ೧೦ರ ಹಳೆಯ ಯಂತ್ರವಿದ್ದವರು ಅದನ್ನು ಗುಜರಿಗೆ ಹಾಕುವ ಮೊದಲು, ಹಣ ಕೊಡದೆ ಸಿಗುವ ಲಿನಕ್ಸನ್ನು ತಿಳಿದವರಿಂದ ಅದಕ್ಕೆ ಹಾಕಿಸಿ ನೋಡಲಿ. ಪತ್ರ ಬರೆಯಲು, ಜಾಲ ನೋಡಲು ಅದು ಇನ್ನೂ ಕೆಲವು ವರ್ಷ ಸಾಕಾದೀತು.

ಬಾಡಿಗೆಗೆ ಪಡೆಯುವವರು ಸಹಿ ಹಾಕುವ ಮೊದಲು ಐದು ಪ್ರಶ್ನೆಗಳನ್ನು ಕೇಳಬೇಕು. ಮೊದಲ ರಿಯಾಯಿತಿ ಮುಗಿದ ಮೇಲೆ ದರವೆಷ್ಟು? ಒಂದು ತಿಂಗಳು ಹಣ ಕಟ್ಟದಿದ್ದರೆ ಕಡತಗಳನ್ನು ಎಷ್ಟು ದಿನ ಉಳಿಸುತ್ತೀರಿ? ನನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದೇ? ನಾನು ಬಳಸುವ ತಂತ್ರಾಂಶ ಮತ್ತು ಪ್ರಿಂಟರು ಇದರಲ್ಲಿ ನಡೆಯುತ್ತವೆಯೇ? ಮೊಬೈಲ್ ಸಂಖ್ಯೆ ಕಳೆದುಹೋದರೆ ಖಾತೆ ತೆರೆಯುವ ದಾರಿ ಯಾವುದು? ಉತ್ತರ ಸ್ಪಷ್ಟವಾಗಿ ಸಿಗದಲ್ಲಿ ಸಹಿ ಹಾಕದಿರುವುದೇ ಜಾಣತನ.

ನಮ್ಮ ಕನ್ನಡ ಸಂಘಗಳೂ ಇಲ್ಲಿ ಸ್ವಲ್ಪ ಉಪಕಾರ ಮಾಡಬಹುದು. ವಾಚನಾಲಯದ ಒಂದು ಮೂಲೆಯಲ್ಲಿ ಎರಡು ಮೂರು ಯಂತ್ರಗಳನ್ನಿಟ್ಟು, ಸಂಜೆಯ ಹೊತ್ತು ತಿಳಿದ ತರುಣರೊಬ್ಬರನ್ನು ಕೂರಿಸಿದರೆ, ಹೋಟೆಲಿನ ಹುಡುಗನು ತನ್ನ ಅರ್ಜಿಯನ್ನೂ ತನ್ನ ಕಾಗದಗಳ ಪ್ರತಿಯನ್ನೂ ತಾನೇ ಮಾಡಿಕೊಂಡಾನು. ಹಿಂದಿನವರು ಪೈಸೆಪೈಸೆ ಕೂಡಿಸಿ ರಾತ್ರಿಶಾಲೆ ನಡೆಸಿದರು. ಅದರ ಮುಂದೆ ಇದು ದೊಡ್ಡ ಖರ್ಚೇನೂ ಅಲ್ಲ. ಯಂತ್ರ ಬಾಡಿಗೆಯದಾದರೂ ಆಗಲಿ. ಅದರೊಳಗಿನ ಬರಹ, ಲೆಕ್ಕ, ಪ್ರಮಾಣಪತ್ರಗಳು ದುಡಿದವನ ಸ್ವಂತ ಆಸ್ತಿ. ಅವುಗಳ ಒಂದು ಪ್ರತಿ ಅವನ ಪೆಟ್ಟಿಗೆಯಲ್ಲಿಯೇ ಇರಬೇಕೆಂಬುದನ್ನು ಮಾತ್ರ ಯಾರೂ ಮರೆಯಬಾರದು.